ಒಬ್ಬ ನಾಯಕನ ಸಿನಿಮಾ, ಸಾವಿರ ಚೀಟಿಗಳ ವರದಿ

ಕುರೆಕುಪ್ಪದಲ್ಲಿ ನಮ್ಮ ಮಾಮೂ ಅವರ ಮನೆ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅಂಟಿಕೊಂಡಂತಿರುವ ಈ ಊರು ನಾವು ಚಿಕ್ಕವರಿದ್ದಾಗ ಜೋಳದ ಹೊಲಗಳ ನಡುವಿನ ಹಳ್ಳಿ. ಈಗ ಪುರಸಭೆ. ಕಳೆದ ಈದ್‌ಗೆ ಹೋಗಿದ್ದಾಗ ಮಧ್ಯಾಹ್ನದ ಊಟ ಮುಗಿಸಿ ಮನೆಮಂದಿಯೆಲ್ಲ ಟಿ.ವಿ. ಮುಂದೆ ಕುಳಿತಿದ್ದರು. ಪುನೀತ್ ರಾಜ್‌ಕುಮಾರ್ ಅಭಿನಯದ 'ಪೃಥ್ವಿ' ಬರುತ್ತಿತ್ತು. ಜೇಕಬ್ ವರ್ಗೀಸ್ ನಿರ್ದೇಶಿಸಿದ ಈ ಚಿತ್ರ ತೆರೆಗೆ ಬಂದದ್ದು 2010ರಲ್ಲಿ. ಬಳ್ಳಾರಿಗೆ ಜಿಲ್ಲಾಧಿಕಾರಿಯಾಗಿ ಬರುವ ಪ್ರಾಮಾಣಿಕ ತರುಣನೊಬ್ಬ ಗಣಿ ಮಾಫಿಯಾವನ್ನು ಎದುರು ಹಾಕಿಕೊಳ್ಳುವ ಕತೆ. ಅಗಲಿದ ನಟನ ಮೇಲಿನ ಪ್ರೀತಿಯೂ ಸೇರಿ ಮಕ್ಕಳು ಪ್ರತಿ ಮಾತಿಗೂ ಶಿಳ್ಳೆ ಹಾಕುತ್ತಿದ್ದರು. ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಮಾಮೂ ಮಾತ್ರ ನಡುನಡುವೆ ತಮ್ಮಷ್ಟಕ್ಕೆ ನಗುತ್ತಿದ್ದರು. ಯಾಕೆ ಎಂದು ಕೇಳಿದೆವು.

"ಪಿಚ್ಚರ್‌ನಲ್ಲಿ ಒಬ್ಬ ಡಿ.ಸಿ. ಸಾಕು. ನಮ್ಮ ಒಂದೇ ಒಂದು ಲಾರಿ ಗುಡ್ಡ ಇಳಿದು ಬಂದರಿಗೆ ಮುಟ್ಟೋಕೆ ಎಷ್ಟು ಜನ ಬೇಕಾಗಿತ್ತು ಗೊತ್ತೇನು ಬೇಟಾ?" ಎಂದರು.

ಮಾಮೂ ಸಾಲ ಮಾಡಿ ಲಾರಿ ಕೊಂಡವರು. ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ಕಬ್ಬಿಣಕ್ಕೆ ಬಾಯಿಬಿಟ್ಟು ಕುಳಿತಿದ್ದಾಗ ಸಂಡೂರಿನ ಗುಡ್ಡಗಳಿಂದ ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿ, ಅರಬೈಲು ಘಾಟಿನ ದಾರಿಯಾಗಿ ಬೇಲೆಕೇರಿಗೆ ಅದಿರು ಹೊಡೆದವರು. ಅವರು ಬೆರಳು ಮಡಚಿ ಎಣಿಸತೊಡಗಿದರು. ಗಣಿಯಲ್ಲಿ ಪರ್ಮಿಟ್ಟು ಬರೆಯುವವನು, ಕಾಟಾದಲ್ಲಿ ಹತ್ತು ಟನ್ನಿನ ಚೀಟಿಗೆ ಹದಿನಾರು ಟನ್ ತೂಗಿಯೂ ಹತ್ತೇ ಎಂದು ಬರೆಯುವವನು, ಕಾಡಿನ ಗೇಟಿನವನು, ರಸ್ತೆಯ ಮೇಲಿನ ಖಾಕಿಯವನು, ಗಾಡಿ ಪರೀಕ್ಷಿಸುವವನು, ಒಂದೊಂದು ಜಿಲ್ಲೆಯ ಗಡಿಯಲ್ಲಿ ಒಬ್ಬೊಬ್ಬನು, ಯಾರ್ಡಿನವನು, ಬಂದರಿನವನು. ಎರಡೂ ಕೈಯ ಬೆರಳು ಮುಗಿದವು. "ಇವರಲ್ಲಿ ಒಬ್ಬನೇ ಒಬ್ಬ 'ಆಗಲ್ಲ' ಅಂದಿದ್ರೂ ಲಾರಿ ನಿಲ್ತಿತ್ತು. ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ."

ಈ ಬರಹಕ್ಕೆ ಕಾರಣ ಮಾಮೂ ಅವರ ಆ ಎಣಿಕೆ. ಭ್ರಷ್ಟಾಚಾರವನ್ನು ಕುರಿತು ನಮ್ಮ ಸಿನಿಮಾ, ನಮ್ಮ ಸಣ್ಣಕತೆ, ನಮ್ಮ ಪತ್ರಿಕೆಗಳ ಮುಖಪುಟ ಎಲ್ಲವೂ ಹೇಳಿಕೊಂಡು ಬಂದಿರುವುದು ಒಂದೇ ಕತೆಯನ್ನು: ಎಲ್ಲರೂ ಕೆಟ್ಟಿದ್ದಾರೆ, ಒಬ್ಬ ಒಳ್ಳೆಯವನು ಬರುತ್ತಾನೆ. ಬಳ್ಳಾರಿಯ ಗಣಿ ಪ್ರಕರಣವನ್ನು ಈ ಚೌಕಟ್ಟಿನಲ್ಲಿ ಕೂರಿಸಿದರೆ ಅದು ಅರ್ಥವೇ ಆಗುವುದಿಲ್ಲ. ಅಲ್ಲಿನ ಕೊಳ್ಳೆ ಹತ್ತಾರು ಇಲಾಖೆಗಳು ಕೂಡಿ ಮಾಡಿದ ಕೆಲಸ. ಅದನ್ನು ಹಿಡಿದು ನಿಲ್ಲಿಸಿದ್ದು ಕೂಡ, ಒಂದು ಮಿತಿಯವರೆಗೆ, ಹತ್ತಾರು ಸಂಸ್ಥೆಗಳು ಕೂಡಿ ಮಾಡಿದ ಕೆಲಸವೇ.

ಇದು ನಮಗೆ ಗೊತ್ತಾದದ್ದು ಸಿನಿಮಾದಿಂದಲ್ಲ, ಯಾರೂ ಸಾಹಿತ್ಯವೆಂದು ಓದದ ಒಂದು ಬರಹದಿಂದ. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಸರ್ಕಾರಕ್ಕೆ ಸಲ್ಲಿಸಿದ ಅಂತಿಮ ವರದಿ ಅದು. ಅನುಬಂಧಗಳೆಲ್ಲ ಸೇರಿ 25 ಸಾವಿರಕ್ಕೂ ಹೆಚ್ಚು ಪುಟ. ಕತೆಗಾರರಾದ ನಮಗೆ ಇಂಥದ್ದನ್ನು ಓದುವ ಅಭ್ಯಾಸವಿಲ್ಲ. ಆದರೂ ಮುಖ್ಯ ಭಾಗವನ್ನು ಓದುತ್ತ ಹೋದಂತೆ ಅದರ ಕಥನಕ್ರಮ ನಮ್ಮನ್ನು ಹಿಡಿದು ಕೂರಿಸಿತು. ಅದರಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ, ಯಾರೂ ಭಾಷಣ ಬಿಗಿಯುವುದಿಲ್ಲ. ಒಂದು ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಬಂದು ನಿಲ್ಲುತ್ತದೆ, ಅಷ್ಟೇ. ಇಷ್ಟು ಅದಿರಿಗೆ ಪರ್ಮಿಟ್ಟು ಕೊಟ್ಟಿದೆ ಎನ್ನುತ್ತದೆ ಒಂದು ಕಡತ. ಇಷ್ಟು ಅದಿರು ಹಡಗು ಹತ್ತಿದೆ ಎನ್ನುತ್ತದೆ ಬಂದರಿನ ಕಡತ. ಎರಡೂ ತಾಳೆಯಾಗುವುದಿಲ್ಲ. ಹೀಗೆ ತಾಳೆಯಾಗದೆ ಉಳಿದ ಅದಿರು 2006–07ರಿಂದ 2010ರವರೆಗೆ ಸುಮಾರು 2 ಕೋಟಿ 98 ಲಕ್ಷ ಟನ್ ಎಂದು ವರದಿ ಲೆಕ್ಕ ಹಾಕಿತು. ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ. ಅದರಲ್ಲಿ ಹೆಸರಿಸಿದ ಅಧಿಕಾರಿ, ನೌಕರರ ಸಂಖ್ಯೆಯೇ ಏಳುನೂರನ್ನು ದಾಟುತ್ತದೆ. ಮಾಮೂ ಎಣಿಸಿದ ಬೆರಳುಗಳು ಅಲ್ಲಿ ಪಟ್ಟಿಯಾಗಿವೆ.

ವರದಿಯ ಒಂದು ಭಾಗವಂತೂ ಯಾವ ಕತೆಗಾರನಿಗೂ ಹೊಟ್ಟೆಕಿಚ್ಚು ತರಿಸುವಂಥದ್ದು. ಜಿಲ್ಲೆಯಲ್ಲಿ ಆಗ ಚಾಲ್ತಿಯಲ್ಲಿದ್ದ 'ಝೀರೋ ರಿಸ್ಕ್' ಎಂಬ ಏರ್ಪಾಡನ್ನು ಅದು ವಿವರಿಸುತ್ತದೆ. ಅದಿರಿನಲ್ಲಿ ಇಂತಿಷ್ಟು ಪಾಲು ಕೊಟ್ಟುಬಿಟ್ಟರೆ ಗಣಿಯಿಂದ ಹೊರಟ ಗಾಡಿಯನ್ನು ದಾರಿಯಲ್ಲಿ ಯಾವ ಇಲಾಖೆಯೂ ತಡೆಯುವುದಿಲ್ಲ. ಜನಸಾಮಾನ್ಯನೊಬ್ಬ ಪಹಣಿ ತಿದ್ದಿಸಲು ಹೋದರೆ ಕಂದಾಯದವರು ಸರ್ವೆಯವರ ಕಡೆಗೂ ಸರ್ವೆಯವರು ಕಂದಾಯದವರ ಕಡೆಗೂ ಕೈತೋರಿಸುತ್ತ ವರ್ಷಗಟ್ಟಲೆ ಅಲೆಸುತ್ತಾರೆ. ಅದೇ ಇಲಾಖೆಗಳು ಕಳ್ಳ ಅದಿರಿನ ವಿಷಯದಲ್ಲಿ ಒಂದೇ ದೇಹದ ಅಂಗಗಳಂತೆ ಕೆಲಸ ಮಾಡಿದವು! ನಮ್ಮ ಆಡಳಿತದಲ್ಲಿ ಸಮನ್ವಯವಿಲ್ಲ ಎಂದು ಯಾರಾದರೂ ಗೊಣಗಿದಾಗಲೆಲ್ಲ ನಮಗೆ ಈ ಭಾಗ ನೆನಪಾಗುತ್ತದೆ.

ಈ ಕೂಟವನ್ನು ಒಬ್ಬ ವ್ಯಕ್ತಿ, ಅವನು ಎಷ್ಟೇ ದೊಡ್ಡವನಿರಲಿ, ಮುರಿಯಲಾರ. ಲೋಕಾಯುಕ್ತ ಸಂಸ್ಥೆಯನ್ನೇ ನೋಡಿ. ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ, 1984ರ ಕಾಯ್ದೆಯಿಂದ ಹುಟ್ಟಿದ್ದು. ಅದು ವಿಚಾರಣೆ ಮಾಡಬಹುದು, ಶಿಫಾರಸು ಮಾಡಬಹುದು. ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ಗಣಿಗಾರಿಕೆಯ ತನಿಖೆಯನ್ನು ಅದಕ್ಕೆ ಒಪ್ಪಿಸಿದ್ದು ಸ್ವತಃ ರಾಜ್ಯ ಸರ್ಕಾರ, 2007ರ ಮಾರ್ಚ್‌ನಲ್ಲಿ. ಮೊದಲ ವರದಿ ಬಂದದ್ದು 2008ರ ಡಿಸೆಂಬರ್ 18ರಂದು. ಅದರಲ್ಲೂ ಹೆಸರುಗಳಿದ್ದವು, ಲೆಕ್ಕಗಳಿದ್ದವು. ಏನಾಯಿತು? ಹೆಚ್ಚೇನೂ ಆಗಲಿಲ್ಲ. ಅದು ಕಡತದಲ್ಲಿ ಮಲಗಿತು, ಲಾರಿಗಳು ಓಡುತ್ತಲೇ ಇದ್ದವು. ಮೊದಲನೆಯ ವರದಿ ಬರೆಯಿಸಿದವರೂ ಎರಡನೆಯದನ್ನು ಬರೆಯಿಸಿದವರೂ ಒಬ್ಬರೇ ಲೋಕಾಯುಕ್ತರು. ಹಾಗಿದ್ದರೆ ಎರಡನೆಯದಕ್ಕೆ ಆ ಬಲ ಎಲ್ಲಿಂದ ಬಂತು?

ಎಲ್ಲೆಲ್ಲಿಂದಲೋ ಬಂತು. ಅರಣ್ಯ ಸೇವೆಯ ಯು.ವಿ. ಸಿಂಗ್ ಅವರ ತಂಡ ಗಣಿಗಳನ್ನೂ ಬಂದರುಗಳನ್ನೂ ಸುತ್ತಿ ದಾಖಲೆಗಳನ್ನು ರಾಶಿ ಹಾಕಿತು. ಆದಾಯ ತೆರಿಗೆ ಇಲಾಖೆ ತನ್ನ ದಾಳಿಗಳಲ್ಲಿ ಹಿಡಿದಿದ್ದ ಲೆಕ್ಕಪತ್ರಗಳು ಲೋಕಾಯುಕ್ತರ ಕೈಸೇರಿದವು. ರೈಲ್ವೆಯ ಕಡತ, ಹೊರರಾಜ್ಯದ ಬಂದರುಗಳ ಕಡತ ಬಂದವು. ಇನ್ನೊಂದು ಕಡೆ ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ, 2009ರಲ್ಲೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತ್ತು. ಕೋರ್ಟು ತನ್ನ ಕೇಂದ್ರ ಉನ್ನತಾಧಿಕಾರ ಸಮಿತಿಯಿಂದ ಸ್ಥಳದ ವರದಿ ತರಿಸಿಕೊಳ್ಳುತ್ತಿತ್ತು. ಜಂಟಿ ತಂಡವೊಂದು ಗಣಿ ಗುತ್ತಿಗೆಗಳ ಗಡಿಗಳನ್ನು ಅಳೆಯತೊಡಗಿತ್ತು. ವಿಧಾನಸಭೆಯೊಳಗೆ ಗದ್ದಲ, 2010ರ ಜುಲೈ–ಆಗಸ್ಟ್‌ನಲ್ಲಿ ಸಿದ್ದರಾಮಯ್ಯನವರು ಬೆಂಗಳೂರಿನಿಂದ ಬಳ್ಳಾರಿಗೆ ಮಾಡಿದ ಪಾದಯಾತ್ರೆ. ಅದರ ಹಿಂದಿನ ರಾಜಕೀಯ ಲಾಭದ ಲೆಕ್ಕ ನಮಗೂ ಕಾಣುತ್ತದೆ. ಆದರೆ ವಿರೋಧ ಪಕ್ಷ ತನ್ನ ಲಾಭಕ್ಕೆ ಕೂಗುವುದು ಕೂಡ ಪ್ರಜಾಪ್ರಭುತ್ವದ ಒಂದು ಕಾವಲು.

ಇವೆಲ್ಲ ಒಂದೆಡೆ ಬಂದು ಕೂಡಿದ ಆ ಐದು ದಿನಗಳು ನಮಗೆ ಚೆನ್ನಾಗಿ ನೆನಪಿವೆ. ಜುಲೈ 27ಕ್ಕೆ ವರದಿ. ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಜುಲೈ 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ವರದಿಯೊಂದೇ ಬಂದಿದ್ದರೆ ಅದೂ 2008ರ ವರದಿಯ ಪಕ್ಕದಲ್ಲಿ ಮಲಗುತ್ತಿತ್ತೇನೋ. ಕೋರ್ಟೊಂದೇ ಇದ್ದಿದ್ದರೆ ಅದರ ಮುಂದೆ ಇಷ್ಟೊಂದು ಲೆಕ್ಕ ಇರುತ್ತಿರಲಿಲ್ಲ.

ನಮ್ಮ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರ ಬುರ್ರಕಥೆಯನ್ನು ಕೇಳಿದವರಿಗೆ ಇದು ತಕ್ಷಣ ಹೊಳೆದೀತು. ಅಲ್ಲಿ ಒಬ್ಬರೇ ಕತೆ ಹೇಳುವುದಿಲ್ಲ. ಮುಖ್ಯ ಕಥೆಗಾರ್ತಿ ತಂಬೂರಿ ಹಿಡಿದು ಒಂದು ಸಾಲು ಎತ್ತಿದರೆ ಜೊತೆಯವರು ಹಿಮ್ಮೇಳದಲ್ಲಿ ಅದನ್ನು ಹಿಡಿಯುತ್ತಾರೆ, ಹೂಂ ಎನ್ನುತ್ತಾರೆ, ಮುಂದೇನಾಯ್ತು ಎಂದು ಕೆಣಕುತ್ತಾರೆ. ಹಿಮ್ಮೇಳ ಸುಮ್ಮನಾದರೆ ಕತೆ ಅಲ್ಲೇ ನಿಲ್ಲುತ್ತದೆ. ಲೋಕಾಯುಕ್ತರ 2008ರ ವರದಿಗೆ ಹಿಮ್ಮೇಳವಿರಲಿಲ್ಲ.

ಬೇಲೆಕೇರಿಯ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾವು ಉರ್ದು ಶಾಲೆಯಲ್ಲಿ ಓದುವಾಗ ಕಲಿತ ಒಂದು ಮಾತು 'ಅಮಾನತ್'. ಪರರ ವಸ್ತು ನಮ್ಮ ನಂಬಿಕೆಯ ಮೇಲೆ ನಮ್ಮ ಬಳಿ ಇರುವುದು, ಕೇಳಿದ ದಿನ ಇದ್ದ ಹಾಗೆ ಹಿಂತಿರುಗಿಸಬೇಕಾದದ್ದು. ಮುಂದೆ ಕನ್ನಡ ಶಾಲೆಗೆ ಬಂದಾಗ ಪತ್ರಿಕೆಯಲ್ಲಿ 'ತಹಶೀಲ್ದಾರ್ ಅಮಾನತು' ಎಂಬ ತಲೆಬರಹ ಓದಿ ದಂಗಾದೆವು. ತಹಶೀಲ್ದಾರರನ್ನು ಯಾರು ಯಾರ ಬಳಿ ಇಟ್ಟುಹೋದರು? ಅದು ಕೆಲಸದಿಂದ ದೂರ ಇಡುವ ಕ್ರಮ ಎಂದು ಮೇಷ್ಟ್ರು ನಗುತ್ತ ಬಿಡಿಸಿ ಹೇಳಿದ್ದರು. ಬೇಲೆಕೇರಿಯಲ್ಲಿ ಈ ಎರಡೂ ಅರ್ಥಗಳು ಮುಖಾಮುಖಿಯಾದವು. 2010ರ ಆರಂಭದಲ್ಲಿ ಅರಣ್ಯ ಇಲಾಖೆ ಆ ಬಂದರಿನಲ್ಲಿ ಸುಮಾರು 8 ಲಕ್ಷ ಟನ್ ಅಕ್ರಮ ಅದಿರನ್ನು ಜಪ್ತಿ ಮಾಡಿತು. ಜಪ್ತಿಯಾದ ಮಾಲು ಬಂದರಿನವರ ವಶದಲ್ಲೇ ಇತ್ತು. ಉರ್ದುವಿನ ಅರ್ಥದಲ್ಲಿ ಅಪ್ಪಟ ಅಮಾನತ್. ಕೆಲವೇ ತಿಂಗಳಲ್ಲಿ ಅದರಲ್ಲಿ ಸುಮಾರು 5 ಲಕ್ಷ ಟನ್ ಕಾಣೆಯಾಯಿತು. ಅದು ಜೇಬಿನಲ್ಲಿ ಹಾಕಿಕೊಂಡು ಹೋಗುವ ವಸ್ತುವಲ್ಲ. ಹಡಗುಗಳಲ್ಲಿ ತುಂಬಿ, ಸುಂಕದವರ ಕಣ್ಣೆದುರೇ ಸಮುದ್ರ ದಾಟಿಸಬೇಕಾದದ್ದು. ಆಗ ಕನ್ನಡದ ಅರ್ಥದಲ್ಲಿ ಅಮಾನತಾದವರು ಯಾರು? ಜಪ್ತಿ ಮಾಡಿದ್ದ ಅರಣ್ಯಾಧಿಕಾರಿ ಆರ್. ಗೋಕುಲ್! ಈ ಅಮಾನತನ್ನು ಪ್ರತಿಭಟಿಸಿಯೇ 2010ರ ಜೂನ್ 23ರಂದು ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ಟದ್ದು. ಮುಂದಿನ ತಿಂಗಳು ಅದನ್ನು ಹಿಂಪಡೆದರು, ತನಿಖೆ ಮುಂದುವರಿಯಿತು.

'ಪೃಥ್ವಿ' ಚಿತ್ರ ಬಂದದ್ದು ಇದೇ ವರ್ಷ. ನಿರ್ದೇಶಕರ ಧೈರ್ಯವನ್ನು ನಾವು ಕಡೆಗಣಿಸುವುದಿಲ್ಲ. ಗಣಿ ಹಣ ವಿಧಾನಸೌಧವನ್ನೇ ಅಲುಗಾಡಿಸುತ್ತಿದ್ದ ಹೊತ್ತಿನಲ್ಲಿ ಬಳ್ಳಾರಿಯ ಹೆಸರು ಹೇಳಿಯೇ ಜನಪ್ರಿಯ ಸಿನಿಮಾ ಮಾಡುವುದು ಸಣ್ಣ ಮಾತಲ್ಲ. ಚಿತ್ರದ ಕೊರತೆ ಬೇರೆ ಕಡೆ ಇದೆ. ಅದು ಇಡೀ ಹೊರೆಯನ್ನು ಒಬ್ಬನ ಹೆಗಲಿಗೆ ಹಾಕುತ್ತದೆ. ಜಿಲ್ಲಾಧಿಕಾರಿಯೊಬ್ಬ ಗಟ್ಟಿಯಾಗಿದ್ದರೆ ಸಾಕು ಎಂದು ನೋಡುಗ ನಂಬಿ ಮನೆಗೆ ಹೋಗುತ್ತಾನೆ. ನಿಜವಾದ ಗೋಕುಲ್ ಗಟ್ಟಿಯಾಗಿಯೇ ಇದ್ದರು. ಅವರನ್ನು ಉಳಿಸಲು ಬೆಂಗಳೂರಿನಲ್ಲಿ ಇನ್ನೊಂದು ಸಂಸ್ಥೆಯ ಮುಖ್ಯಸ್ಥರು ತಮ್ಮ ಕುರ್ಚಿಯನ್ನು ಪಣಕ್ಕಿಡಬೇಕಾಯಿತು. ಅದನ್ನು ತೆರೆಯ ಮೇಲೆ ತೋರಿಸುವುದು ಹೊಡೆದಾಟದ ದೃಶ್ಯಕ್ಕಿಂತ ಕಷ್ಟ, ಒಪ್ಪೋಣ.

ಸಿನಿಮಾದವರನ್ನು ಮಾತ್ರ ಯಾಕೆ ದೂರಬೇಕು? ಹಲವು ವರ್ಷಗಳ ಹಿಂದೆ ನಾವೂ ಒಂದು ಕತೆ ಬರೆದಿದ್ದೆವು. ಲಂಚ ಮುಟ್ಟದ ಫಾರೆಸ್ಟ್ ಗಾರ್ಡ್ ಒಬ್ಬ ಕೊನೆಗೆ ವರ್ಗವಾಗಿ ಟ್ರಂಕು ಹೊತ್ತು ಬಸ್ಸು ಹತ್ತುತ್ತಾನೆ. ಓದಿದವರೆಲ್ಲ ಕಣ್ಣೊರೆಸಿಕೊಂಡರು. ಈಗ ತಿರುಗಿ ನೋಡಿದರೆ ಆ ಕತೆ ಸುಳ್ಳೆನಿಸುತ್ತದೆ. ಅವನು ಹೋದ ಮೇಲೆ ಅವನ ಡೈರಿ ಯಾರ ಮೇಜಿಗೆ ಹೋಯಿತು, ಅವನು ಹಾಕಿದ ಕೇಸು ಯಾವ ಮ್ಯಾಜಿಸ್ಟ್ರೇಟರ ಮುಂದೆ ನಿಂತಿತು ಎಂದು ನಾವು ಕೇಳಲೇ ಇಲ್ಲ. ಒಳ್ಳೆಯವನು ಸೋಲುವುದರಲ್ಲಿ ಒಂದು ಸುಖವಿದೆ. ಆ ಸುಖವನ್ನು ನಾವು ಓದುಗರಿಗೆ ಮಾರಿದೆವು.

ವರದಿಯನ್ನೂ ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ವರದಿ ಬೇರೆ, ಶಿಕ್ಷೆ ಬೇರೆ. ಅವೆರಡರ ನಡುವೆ ದೋಷಾರೋಪ ಪಟ್ಟಿ ಬರೆಯುವ ಪೊಲೀಸರಿದ್ದಾರೆ, ಸರ್ಕಾರಿ ವಕೀಲರಿದ್ದಾರೆ, ಸಾಕ್ಷಿಗಳಿದ್ದಾರೆ. ನಮ್ಮ ಸರಪಳಿ ತೀರಾ ಸವೆದಿರುವುದು ಇಲ್ಲಿಯೇ. ಅತಿ ಹೆಚ್ಚು ಸದ್ದು ಮಾಡಿದ ಭಾಗ ಯಡಿಯೂರಪ್ಪನವರ ಕುಟುಂಬದ ಟ್ರಸ್ಟಿಗೆ ಬಂದ ದೇಣಿಗೆಯ ಕುರಿತದ್ದು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸಿ.ಬಿ.ಐ.ಗೆ ಒಪ್ಪಿಸಿತು. 2016ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಯಡಿಯೂರಪ್ಪ ಮತ್ತು ಉಳಿದವರನ್ನು ಖುಲಾಸೆ ಮಾಡಿತು. ಗಾಲಿ ಜನಾರ್ದನ ರೆಡ್ಡಿಯವರನ್ನು ಓಬಳಾಪುರಂ ಗಣಿ ಪ್ರಕರಣದಲ್ಲಿ 2011ರ ಸೆಪ್ಟೆಂಬರ್‌ನಲ್ಲಿ ಬಂಧಿಸಲಾಯಿತು. ಹೈದರಾಬಾದಿನ ವಿಶೇಷ ನ್ಯಾಯಾಲಯ ಏಳು ವರ್ಷದ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು. ಮುಂದಿನ ತಿಂಗಳೇ ತೆಲಂಗಾಣ ಹೈಕೋರ್ಟು ಶಿಕ್ಷೆಯನ್ನು ತಡೆಹಿಡಿಯಿತು. ಬೇಲೆಕೇರಿ ಅದಿರಿನ ಪ್ರಕರಣಗಳಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಮತ್ತು ಬಂದರಿನ ಅಂದಿನ ಅಧಿಕಾರಿ ಸೇರಿ ಹಲವರಿಗೆ ಶಿಕ್ಷೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಅದಿರು ಮಾಯವಾಗಿ ಹದಿನಾಲ್ಕು ವರ್ಷಗಳ ಮೇಲೆ. ಅಲ್ಲೂ ನವೆಂಬರ್‌ನಲ್ಲಿ ಹೈಕೋರ್ಟು ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮತ್ತೆ ಅದೇ ಪದ, ಈ ಬಾರಿ ಮೂರನೆಯ ಅರ್ಥದಲ್ಲಿ. ಮೇಲ್ಮನವಿ ಪ್ರತಿಯೊಬ್ಬರ ಹಕ್ಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಹದಿನಾಲ್ಕು ವರ್ಷದಲ್ಲಿ ಸಾಕ್ಷಿ ಹೇಳಬೇಕಾದವರ ಕೂದಲು ಬೆಳ್ಳಗಾಗಿರುತ್ತದೆ.

ಲೋಕಾಯುಕ್ತದ ಗತಿ ಇನ್ನೂ ವಿಚಿತ್ರ. ಸಂತೋಷ್ ಹೆಗ್ಡೆಯವರು 2011ರ ಆಗಸ್ಟ್‌ನಲ್ಲಿ ನಿವೃತ್ತರಾದರು. ನಂತರ ಬಂದವರು ನಿವೇಶನದ ವಿವಾದದಲ್ಲಿ ಎರಡು ತಿಂಗಳು ತುಂಬುವ ಮೊದಲೇ ರಾಜೀನಾಮೆ ಕೊಟ್ಟರು. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕುರ್ಚಿ ಖಾಲಿ. 2013ರಲ್ಲಿ ಬಂದ ಲೋಕಾಯುಕ್ತರ ಮಗನೇ 2015ರಲ್ಲಿ ಹಣ ಸುಲಿಗೆಯ ಆರೋಪದ ಮೇಲೆ ಬಂಧಿತನಾದ. ಅವರೂ ಆ ವರ್ಷದ ಕೊನೆಗೆ ಕೆಳಗಿಳಿದರು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ಹುಟ್ಟುಹಾಕಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ವಹಿಸಿತು. ಹಿಂದೆ ಅಕ್ರಮ ಗಣಿಗಾರಿಕೆಯ ವಿರುದ್ಧ ಬಳ್ಳಾರಿಗೆ ನಡೆದು ಬಂದವರದೇ ಸರ್ಕಾರ ಅದು! ದಳ ಇದ್ದದ್ದು ಮುಖ್ಯಮಂತ್ರಿಗಳ ಅಧೀನದಲ್ಲಿ. 2022ರ ಆಗಸ್ಟ್ 11ರಂದು ಹೈಕೋರ್ಟು ಅದನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸುವವರೆಗೆ ಆರು ವರ್ಷ ಕಳೆದುಹೋಗಿತ್ತು. ಒಬ್ಬ ಒಳ್ಳೆಯ ವ್ಯಕ್ತಿಯನ್ನು ಪೂಜಿಸಿ ಅವನು ಕುಳಿತಿದ್ದ ಸಂಸ್ಥೆಯ ತಂಟೆಗೆ ಹೋಗದಿದ್ದರೆ ಹೀಗಾಗುತ್ತದೆ. ಹಾಂಗ್‌ಕಾಂಗ್‌ನಲ್ಲಿ 1974ರಲ್ಲಿ ಭ್ರಷ್ಟಾಚಾರ ವಿರೋಧಿ ಆಯೋಗ ಕಟ್ಟಿದಾಗ ಅದಕ್ಕೆ ಮೂರು ಕೈ ಕೊಟ್ಟರು. ಒಂದು ತನಿಖೆಗೆ, ಒಂದು ಇಲಾಖೆಗಳ ಕೆಲಸದ ರೀತಿಯನ್ನು ತಿದ್ದಿ ಲಂಚದ ದಾರಿ ಮುಚ್ಚುವುದಕ್ಕೆ, ಒಂದು ಜನರ ನಡುವೆ ಹೋಗುವುದಕ್ಕೆ. ನಾವು ಮೊದಲ ಕೈಯ ದಾಳಿಗಳನ್ನಷ್ಟೇ ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ತಟ್ಟಿದೆವು.

ದಾರಿ ಮುಚ್ಚುವ ಕೆಲಸ ನಮ್ಮಲ್ಲೂ ಆದದ್ದುಂಟು, ಸುಪ್ರೀಂ ಕೋರ್ಟಿನ ಒತ್ತಾಯದಿಂದ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಮಿತಿಮೀರಿ ಒತ್ತುವರಿ ಮಾಡಿದ್ದ 'ಸಿ' ವರ್ಗದ 49 ಗುತ್ತಿಗೆಗಳನ್ನು ರದ್ದು ಮಾಡಲಾಯಿತು. ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕೆಂಬ ಮಿತಿ ಬಂತು. ಮಾರಾಟ ಬಹಿರಂಗ ಇ-ಹರಾಜಿಗೆ ಹೋಯಿತು. ಲಾರಿ ತಡೆದು ಹಿಡಿಯುವ ಸಾಹಸಕ್ಕಿಂತ ಈ ನೀರಸ ಏರ್ಪಾಡುಗಳೇ ಹೆಚ್ಚು ಕಳ್ಳತನವನ್ನು ತಡೆದಿವೆ ಎಂದು ನಮ್ಮ ಅನಿಸಿಕೆ. ಮಿತಿ 2017ರಲ್ಲೂ 2022ರಲ್ಲೂ ಏರಿತು. ರಫ್ತಿಗೂ, ಹರಾಜಿಲ್ಲದ ನೇರ ಮಾರಾಟಕ್ಕೂ 2022ರಲ್ಲಿ ಮತ್ತೆ ಅನುಮತಿ ಸಿಕ್ಕಿತು.

ಆದರೆ ನಾವು ಓದಿದ ಪುಟಗಳಲ್ಲಿ ಏನು ಕಾಣಲಿಲ್ಲ ಎಂದು ಕೇಳಿದರೆ, ಮನೆಯೊಳಗೆ ಬಂದ ಧೂಳು ಎನ್ನಬೇಕು. ಅರಣ್ಯಕ್ಕಾದ ಹಾನಿ ಇದೆ, ಬೊಕ್ಕಸಕ್ಕಾದ ಹಾನಿ ಇದೆ. ಒಗೆದು ಒಣಹಾಕಿದ ಬಿಳಿ ದುಪ್ಪಟ್ಟಾ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದುದು, ಮುಮಾನಿಯ ಕೆಮ್ಮು, ಹೆದ್ದಾರಿ ದಾಟಲಾರದೆ ಶಾಲೆ ಬಿಟ್ಟ ಹುಡುಗಿಯರು ಇಲ್ಲ. ನಿಷೇಧದ ಮಾರನೆಯ ದಿನ ಏನಾಯಿತೆಂಬುದು ವರದಿಯ ಕೆಲಸವೂ ಅಲ್ಲ. ಅದನ್ನು ನಮ್ಮಂಥವರು ಬರೆಯಬೇಕಿತ್ತು. 2011ರ ಆಗಸ್ಟ್‌ನಿಂದ ಮಾಮೂ ಅವರ ಲಾರಿ ಮನೆ ಮುಂದೆ ನಿಂತಿತು. ಕಂತು ನಿಲ್ಲಲಿಲ್ಲ. ಮುಂದಿನ ವರ್ಷ ಸಾಲ ಕೊಟ್ಟವರು ಬಂದು ಗಾಡಿ ಎಳೆದುಕೊಂಡು ಹೋದರು. ಅವರ ಕ್ಲೀನರ್ ಹುಡುಗ ಗುಳೆ ಹೋದವನು ತಿರುಗಿ ಬರಲಿಲ್ಲ. ಕೊಳ್ಳೆಯ ದೊಡ್ಡ ಪಾಲು ತಿಂದವರಿಗೆ ವಕೀಲರಿದ್ದರು, ವರ್ಷಗಳಿದ್ದವು. ಕಾಟಾ ಹುಡುಗ, ಟೈರಿನವನು, ಢಾಬಾದವನು ಒಂದೇ ದಿನದಲ್ಲಿ ಶಿಕ್ಷೆ ಅನುಭವಿಸಿದರು. ಹಾಗೆಂದು ಗಣಿ ನಿಲ್ಲಿಸಿದ್ದು ತಪ್ಪು ಎನ್ನಲಾರೆವು. ಮಾಮೂ ಕೂಡ ಹಾಗನ್ನುವುದಿಲ್ಲ.

ಗಣಿಯಿಂದ ಹಾಳಾದ ಊರುಗಳ ಪುನಶ್ಚೇತನಕ್ಕೆಂದು ಅದಿರು ಮಾರಾಟದ ಒಂದು ಪಾಲನ್ನು ತೆಗೆದಿಡಲಾಯಿತು. ಅದಕ್ಕೆಂದೇ 2014ರಲ್ಲಿ ಒಂದು ನಿಗಮವೂ ಸ್ಥಾಪನೆಯಾಯಿತು. ಸಾವಿರಾರು ಕೋಟಿ ರೂಪಾಯಿ ಬಡ್ಡಿ ಸಹಿತ ಬೆಳೆಯುತ್ತ ಕುಳಿತಿತ್ತು. 2022ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಉಸ್ತುವಾರಿಗೆ ನೇಮಿಸಿದ ಮೇಲೆ ಯೋಜನೆಗಳಿಗೆ ದಾರಿಯಾಯಿತು. ನಮ್ಮ ಲೆಕ್ಕದಲ್ಲಿ ಇದೇ ನಿಜವಾದ ಅಮಾನತ್. ಅದರಲ್ಲಿ ಕುಡಿಯುವ ನೀರು ಬರುತ್ತದೋ ಗುತ್ತಿಗೆದಾರರ ಬಿಲ್ಲುಗಳು ಮಾತ್ರ ಬರುತ್ತವೋ ಎಂದು ನೋಡಬೇಕಾದವರು ಪುರಸಭೆಯ ಸದಸ್ಯರು, ಗ್ರಾಮಸಭೆಗೆ ಹೋಗುವ ಹೆಂಗಸರು, ಲೆಕ್ಕಪರಿಶೋಧಕರು, ಸ್ಥಳೀಯ ಪತ್ರಕರ್ತರು. ಅವರ ಮೇಲೆ ಯಾರೂ ಸಿನಿಮಾ ಮಾಡುವುದಿಲ್ಲ.

ಸಂಜೆ ಹೊರಡುವಾಗ ಮಾಮೂ ಬಾಗಿಲವರೆಗೆ ಬಂದರು. ನಾವು ಆ ವರದಿ ಓದುತ್ತಿದ್ದೇವೆಂದು ಮಕ್ಕಳು ಹೇಳಿದ್ದರು. "ಅದರಲ್ಲಿ ಲಾರಿ ನಂಬರುಗಳೂ ಇವೆಯಂತೆ. ನಂದು ಇದೆಯಾ ನೋಡಿದಿಯಾ?" ಎಂದು ಮೆಲ್ಲಗೆ ಕೇಳಿದರು. ನಾವು ನೋಡಿದ ಪುಟಗಳಲ್ಲಿ ಇರಲಿಲ್ಲ, ಹಾಗೆಂದೇ ಹೇಳಿದೆವು. ಅವರು ಸ್ವಲ್ಪ ಹೊತ್ತು ರಸ್ತೆ ನೋಡುತ್ತ ನಿಂತರು. ಆಮೇಲೆ, ಉಳಿದ ಪುಟಗಳನ್ನೂ ಒಮ್ಮೆ ನೋಡು ಎಂದು ಹೇಳಿ, ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು.